ಒತ್ತಿ ಅಳೆದ ಮೂಗು

ನಾನು ಒಂದು ಇಕ್ಕಳ. ಒಲೆಯ ಮೇಲಿಂದ ಪಾತ್ರೆ ಇಳಿಸುವ ಇಕ್ಕಳವಲ್ಲ, ಅಳೆಯುವ ಇಕ್ಕಳ. ಒಂದು ಉಕ್ಕಿನ ಪಟ್ಟಿ, ಅದರ ಮೇಲೆ ಕೊರೆದ ಸಣ್ಣ ಗೆರೆಗಳು, ಎರಡು ಹಿತ್ತಾಳೆಯ ತೋಳು. ಒಂದು ತೋಳು ಕದಲುವುದಿಲ್ಲ, ಇನ್ನೊಂದು ಜಾರುತ್ತದೆ. ನಡುವೆ ಏನನ್ನೇ ಇಟ್ಟರೂ ಅದರ ಅಗಲ ಎಷ್ಟೆಂದು ಹೇಳುತ್ತೇನೆ. ಅದು ಯಾರದು, ಮೇಲಿನದೋ ಕೆಳಗಿನದೋ ಎಂಬುದು ನನಗೆ ತಿಳಿಯುವುದಿಲ್ಲ. ನಾನು ಹೇಳಿದೆನೆಂದು ಜನ ಏನೇನೋ ಹೇಳಿದ್ದಾರೆ. ಆದ್ದರಿಂದ ಇಷ್ಟನ್ನು ಮೊದಲಿಗೇ ಹೇಳಿಬಿಡುವುದು ಲೇಸು.

ಹುಟ್ಟಿದ್ದು ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ, ಸದಾ ಹೊಗೆ ಕವಿದ ಊರಿನಲ್ಲಿ. ಅದೇ ಎರಕ, ಅದೇ ಅರ, ಅದೇ ಕೈಗಳಿಂದ ನನ್ನ ಜೊತೆ ಹುಟ್ಟಿದವರು ಬಹಳ ಮಂದಿ. ನನ್ನ ಪಕ್ಕದವನನ್ನು ಗೋಣಿಯಲ್ಲಿ ಸುತ್ತಿ ರೈಲ್ವೆಗೆ ಕಳಿಸಿದರು. ಅವನು ಬೋಲ್ಟು ಅಳೆಯುವವನಾದ. ನನ್ನನ್ನು ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ಮಲಗಿಸಿದರು, ನಾನು ವಿಜ್ಞಾನದವನಾದೆ. ನಮ್ಮಿಬ್ಬರಲ್ಲಿ ಇದ್ದ ವ್ಯತ್ಯಾಸವೆಲ್ಲ ಪೆಟ್ಟಿಗೆಯದು. ಆದರೂ ಮಖಮಲ್ಲಿನಲ್ಲಿ ಮಲಗಿದವನಿಗೆ ತಾನು ಬೇರೆ ಎಂಬ ಭ್ರಮೆ ಬೇಗ ಹತ್ತುತ್ತದೆ. ನನಗೂ ಹತ್ತಿತ್ತು.

ನನ್ನನ್ನು ಕೊಂಡವರು ಪೆಂಬರ್ಟನ್ ಸಾಹೇಬರು. ಧಾರವಾಡದ ಕಡೆಯ ಜನರ ಮೂಗು ಅಳೆಯಲೆಂದೇ ಹಡಗು ಹತ್ತಿ ಬಂದವರು. ಮೂಗು ಕಿರಿದಾದಷ್ಟೂ ಜನಾಂಗ ಮೇಲಿನದು, ಅಗಲವಾದಷ್ಟೂ ಕೆಳಗಿನದು ಎಂಬುದು ಅವರ ಸಿದ್ಧಾಂತ. ಇದನ್ನು ಅವರು ಇಲ್ಲಿಯ ಒಂದು ಮೂಗನ್ನೂ ನೋಡುವ ಮೊದಲೇ ಕಂಡುಹಿಡಿದಿದ್ದರು. ಇನ್ನು ಅಳೆಯುವುದೊಂದು ಬಾಕಿ ಇತ್ತು.

ಅವರ ಗುಮಾಸ್ತರಾಗಿ ಸೇರಿದವರು ಧಾರವಾಡದ ಮಾಳಮಡ್ಡಿಯ ಗುಂಡೋಪಂತ ಹುದ್ದಾರರು. ಸಾಹೇಬರ ಇಂಗ್ಲಿಷನ್ನು ಜನರಿಗೆ, ಜನರ ಕನ್ನಡವನ್ನು ಸಾಹೇಬರಿಗೆ ಮುಟ್ಟಿಸುವುದು ಅವರ ಕೆಲಸ. ಮುಟ್ಟಿಸುವಾಗ ದಾರಿಯಲ್ಲಿ ಕೆಲವು ಮಾತು ಉದುರಿ ಹೋಗುತ್ತಿದ್ದವು.

ಹಳಿಯಾಳದ ಹತ್ತಿರ ಡೇರೆ ಹಾಕಿದ್ದಾಗಿನ ಮಾತು. ಬಿದಿರಿನ ಹೊರೆ ಹೊತ್ತು ಹೊರಟಿದ್ದ ಇನಾಸ್ ಎಂಬ ಸಿದ್ದಿಯವನನ್ನು ಕರೆದು ಕೂರಿಸಿದರು. ಅವನ ಹಿರಿಯರನ್ನು ಎಂದೋ ಯಾರೋ ಆಫ್ರಿಕದಿಂದ ಹಡಗಿನಲ್ಲಿ ತಂದಿದ್ದರಂತೆ. ಈಗ ಅವನಿಗಿದ್ದದ್ದು ಹಳಿಯಾಳದ ಮಾತು, ಹಳಿಯಾಳದ ಬಿದಿರು, ಹಳಿಯಾಳದ ಚಳಿಜ್ವರ. ನನ್ನ ತಣ್ಣನೆಯ ತೋಳು ಮೂಗಿಗೆ ತಾಗಿದಾಗ ಅವನು ನಕ್ಕುಬಿಟ್ಟ.

"ಸಾಹೇಬ್ರು ನನ್ನ ಮೂಗಿನಾಗ ಏನ್ ಹುಡುಕಾಕತ್ತಾರ್ರಿ?"

"ನೀನು ಯಾವ ಜನಾಂಗದಾಂವ ಅಂತ ನೋಡ್ಲಿಕ್ಕೆ ಹತ್ಯಾರ. ಸುಮ್ನ ಕೂಡು," ಎಂದರು ಗುಂಡೋಪಂತರು.

"ಅದನ್ನ ನನ್ನ ಬಾಯಿ ಕೇಳಿದ್ರ ಹೇಳ್ತಿತ್ತಲ್ರಿ, ಮೂಗಿಗ್ಯಾಕ ತ್ರಾಸು? ಎಷ್ಟ್ ಬಂತ್ರಿ?"

"ಅದು ನಿನಗ ತಿಳಿಯೂದಲ್ಲ."

"ಹೋಗ್ಲಿ ಬಿಡ್ರಿ. ಉಸಿರಾಡಾಕ ಸಾಕಾಗುವಷ್ಟು ಐತಿಲ್ರಿ?"

ಸುತ್ತ ನಿಂತವರೆಲ್ಲ ನಕ್ಕರು. ಏನಂದ ಎಂದು ಸಾಹೇಬರು ಕೇಳಿದರು. ತಮ್ಮಂಥ ಮಹಾನುಭಾವರ ದರ್ಶನದಿಂದ ಧನ್ಯನಾದೆ ಅನ್ನುತ್ತಿದ್ದಾನೆ ಎಂದು ಗುಂಡೋಪಂತರು ಮುಟ್ಟಿಸಿದರು.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ಮೂಗಿನ ಹೊಳ್ಳೆ ಎಲುಬಲ್ಲ, ಮೆತ್ತಗಿನ ಮಾಂಸ. ಜಾರುವ ತೋಳನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಕಿರಿದಾಗುತ್ತದೆ, ಬರೀ ತಾಗಿಸಿ ಬಿಟ್ಟರೆ ಅಗಲವಾಗಿಯೇ ಉಳಿಯುತ್ತದೆ. ಇನಾಸನ ಮೂಗಿಗೆ ಸಾಹೇಬರು ನನ್ನನ್ನು ಹೂವಿನ ಹಾಗೆ ತಾಗಿಸಿದರು. ಅದೇ ಸಂಜೆ ಗುಂಡೋಪಂತರು ಹಲ್ಲು ಗಿಂಜಿ, "ನನ್ನದೂ ಒಂದು ನೋಡ್ರಲಾ," ಎಂದು ಮೂಗು ಮುಂದೆ ಮಾಡಿದಾಗ ಅದೇ ಹೆಬ್ಬೆರಳು ಚೆನ್ನಾಗಿ ಒತ್ತಿತು. ಸಾಹೇಬರು ಮೋಸಗಾರರಲ್ಲ. ಅವರ ಕಣ್ಣು ಮೊದಲು ನೋಡುತ್ತಿತ್ತು: ಎದುರಿಗೆ ಕೂತವನ ಬಣ್ಣ, ಬಟ್ಟೆ, ಹೆಗಲ ಮೇಲೆ ಇರುವುದು ಶಾಲೋ ಹೊರೆಯೋ ಎಂದು. ಕಣ್ಣು ತೀರ್ಪು ಕೊಟ್ಟ ಮೇಲೆ ಹೆಬ್ಬೆರಳು ಅದನ್ನು ಜಾರಿ ಮಾಡುತ್ತಿತ್ತು. ಅಂಕಿ ಮಾತ್ರ ನನ್ನ ಹೆಸರಿನಲ್ಲಿ ಬರುತ್ತಿತ್ತು.

ಅಲ್ಲಿಯವರೆಗೆ ಗುಂಡೋಪಂತರಿಗೆ ಗೋತ್ರವಿತ್ತು, ಸೂತ್ರವಿತ್ತು, ಮಠವಿತ್ತು. ಜನಾಂಗ ಎಂಬುದೊಂದು ಇರಲಿಲ್ಲ. ಹಳಿಯಾಳದಿಂದ ಮರಳುವಾಗ ಅದನ್ನೂ ಕಟ್ಟಿಕೊಂಡು ಬಂದರು. ಊರಿಗೆ ಹೊರಟು ನಿಂತ ಸಾಹೇಬರು ನೆನಪಿಗೆಂದು ನನ್ನನ್ನು ಅವರಿಗೇ ಕೊಟ್ಟು ಹೋದರು.

ಮನೆಯಲ್ಲಿ ಗುಂಡೋಪಂತರು ನನಗೆ ನಾಸಾಮಾಪಕ ಎಂದು ನಾಮಕರಣ ಮಾಡಿ ದೇವರ ಗೂಡಿನ ಪಕ್ಕದ ಗೂಡಿನಲ್ಲಿ ಇಟ್ಟರು. ಬಂದವರಿಗೆಲ್ಲ ತೋರಿಸುವರು. "ನಾವು ಶುದ್ಧ ಆರ್ಯ ಜನಾಂಗ. ಇದು ನಾ ಹೇಳೂದಲ್ಲ, ಸೈನ್ಸ್ ಹೇಳ್ತದ."

ಅವರ ಹೆಂಡತಿ ತುಂಗಕ್ಕ ಒಳಗಿನಿಂದಲೇ ಅನ್ನುವರು: "ಲಗ್ನ ಆಗಿ ಇಷ್ಟು ವರ್ಷಕ್ಕ ತಮ್ಮ ಮೂಗು ತಾವು ನೋಡ್ಕೊಂಡ್ರೇನು? ಅದನ್ನ ತಗೊಂಡು ಬಾವಿಗೆ ಹೋಗಿ ಒಂದು ಕೊಡ ನೀರೂ ತರ್ರಿ."

ತುಂಗಕ್ಕನ ಮೂಗನ್ನು ಅಳೆಯುವ ಧೈರ್ಯ ಮಾತ್ರ ಪಂತರಿಗೆ ಕೊನೆಯವರೆಗೂ ಬರಲಿಲ್ಲ.

ಮಗ ಪ್ರಾಣೇಶ ದೊಡ್ಡವನಾದ. ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ತಿಕ್ಕುವ ಕೆಲಸ ಕಲಿತ, ಮೆತ್ತಗಿನ ಹುಡುಗ. ಅವನಿಗೆ ಹೆಣ್ಣು ನೋಡುವ ಕಾಲ ಬಂದಾಗ ನನಗೆ ಮತ್ತೆ ಕೆಲಸ ಬಂತು. ಹಾಡು ಹೇಳಿಸುವುದು, ನಡೆಸಿ ನೋಡುವುದು, ಓದಿಸುವುದು ಎಲ್ಲರೂ ಮಾಡುತ್ತಿದ್ದದ್ದೇ. ನಮ್ಮ ಪಂತರು ಅವಲಕ್ಕಿ ತಿಂದು ಕೈ ತೊಳೆದ ಮೇಲೆ ಕಿಸೆಯಿಂದ ಮಖಮಲ್ಲಿನ ಪೆಟ್ಟಿಗೆ ತೆಗೆಯುವರು. "ಅಂಜಬ್ಯಾಡವ್ವಾ, ಇದು ಚುಚ್ಚೂದಿಲ್ಲ." ಚುಚ್ಚುತ್ತಿರಲಿಲ್ಲ, ನಿಜ. ಆದರೆ ನನ್ನ ತೋಳುಗಳ ನಡುವೆ ಎಷ್ಟು ಹುಡುಗಿಯರು ಉಸಿರು ಬಿಗಿಹಿಡಿದರೋ! ಮೂಗಿಗೆ ಅಷ್ಟು ಹತ್ತಿರ ಇರುವವನಿಗೆ ಉಸಿರಿನ ಸುದ್ದಿ ತಪ್ಪುವುದಿಲ್ಲ.

ಹೀಗೆ ಅಣ್ಣಿಗೇರಿಗೆ ಹೋದೆವು. ನರಸಿಂಹ ಮಾಸ್ತರು ಎಂಬ ಶಾಲೆಯ ಮಾಸ್ತರರ ಮನೆ. ಮಣ್ಣಿನ ನೆಲ, ಒಂದೇ ಕಿಟಕಿ, ಚಾಪೆಯ ಮೇಲೆ ಮಗಳು ಚಂಪಾ, ಅವಳ ಬೆನ್ನಿಗೆ ಸಣ್ಣ ತಮ್ಮ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿ, ಎಣ್ಣೆಗಪ್ಪು. ಪಂತರ ಕಣ್ಣು ನೆಲ ನೋಡಿತು, ಸೋರಿದ ಗೋಡೆ ನೋಡಿತು, ಹುಡುಗಿಯ ಬಣ್ಣ ನೋಡಿತು. ನಾನು ಹೆಬ್ಬೆರಳಿಗೆ ಕಾದೆ. ಅದು ಒತ್ತಲೇ ಇಲ್ಲ. ಬಂದ ಅಂಕಿಯನ್ನು ಪಂತರು ಮನೆಯವರಿಗೆಲ್ಲ ಕೇಳುವಂತೆ ಓದಿದರು.

ಹೆಣ್ಣು ಒಪ್ಪಲಿಲ್ಲವೆಂದು ಹೇಳಿ ಬಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪಂತರು ಅದೇ ಊರಿನ ಮಠದಲ್ಲಿ ಮಧ್ಯಾಹ್ನ ಊಟಕ್ಕೆ ಕೂತರು. ಪಕ್ಕದವರು ಕೇಳಿದರು, ಇವರು ಹೇಳಿದರು: "ಆ ಮನೀ ರಕ್ತದಾಗ ಎಲ್ಲೋ ಕಲಬೆರಕಿ ಅದ. ನಾ ಅನ್ನೂದಲ್ಲ, ಮಶೀನು ಅಂತದ." ಪಂಕ್ತಿಯಲ್ಲಿ ಆಡಿದ ಮಾತು ಸಾರಿಗಿಂತ ಬೇಗ ಹರಿಯುತ್ತದೆ. ಮುಂದಿನ ಆರಾಧನೆಯ ಹೊತ್ತಿಗೆ ಮಾಸ್ತರರ ಪಕ್ಕದ ಎಲೆಯ ಮುಂದೆ ಯಾರೂ ಕೂಡಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಬಡಿಸುವವರು ಬಡಿಸಿದರು. ಎಲೆ ಮಾತ್ರ ಖಾಲಿ. ಮಾಸ್ತರರು ಆಮೇಲೆ ಮಠಕ್ಕೆ ಹೋಗುವುದನ್ನೇ ಬಿಟ್ಟರು. ಅದೇ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಇದೆಲ್ಲ ನನಗೆ ಗೊತ್ತಾದದ್ದು ಮುಂದೆ, ಮಗಳ ಬಾಯಿಂದ.

ವರ್ಷ ಕಳೆದಿರಬೇಕು, ಬೆಳಗಾವಿಯಿಂದ ಒಂದು ಸಂಬಂಧ ಬಂತು. ವಾದಿರಾಜ ವಕೀಲರು ದೊಡ್ಡ ಹೆಸರಿನವರು. ತಂಗಿಯ ತಂದೆಯಿಲ್ಲದ ಮಗಳನ್ನು ತಾವೇ ಧಾರೆ ಎರೆದು ಕೊಡುವವರಿದ್ದರು. ಬಾಗಿಲಿಗೆ ಮೋಟಾರು, ಒಳಗೆ ಬೆತ್ತದ ಕುರ್ಚಿ, ಬೆಳ್ಳಿಯ ತಟ್ಟೆಯಲ್ಲಿ ಕುಂದಾ. ಪಂತರು ಮೂರು ಸಲ ಕುಂದಾ ಹಾಕಿಸಿಕೊಂಡರು. ಹುಡುಗಿ ಬಂದು ಕೂತಳು. ಹೆಸರು ಗೋದಾವರಿ, ರೇಶಿಮೆ ಸೀರೆ, ಮೂಗಿಗೆ ಮುತ್ತಿನ ನತ್ತು. ಅಳತೆಗೆಂದು ನತ್ತನ್ನು ತಾನಾಗಿಯೇ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಯಾರೂ ಹೇಳದೆಯೇ ಹಾಗೆ ಮಾಡಿದ್ದು ಪಂತರಿಗೆ ಸೋಜಿಗವೆನಿಸಬೇಕಿತ್ತು, ಎನಿಸಲಿಲ್ಲ.

ನಾನು ಆ ಮೂಗಿಗೆ ತಾಗಿದೊಡನೆ ಗುರುತು ಹಿಡಿದೆ. ಮುಖ ಮರೆಯಬಹುದು, ಹೆಸರು ಬದಲಾಗಬಹುದು, ನನ್ನ ತೋಳುಗಳ ನಡುವೆ ಬಂದುಹೋದ ಮೂಗನ್ನು ನಾನು ಮರೆಯುವುದಿಲ್ಲ. ಅದೇ ಮೂಗು, ಅದೇ ಬಿಗಿಹಿಡಿದ ಉಸಿರು. ಬೇರೆಯಾಗಿದ್ದದ್ದು ಹೆಬ್ಬೆರಳು. ಅದು ವಕೀಲರ ಗೋಡೆ ಗಡಿಯಾರ ನೋಡಿ ಬಂದ ಹೆಬ್ಬೆರಳು. ಒತ್ತಿತು ನೋಡಿ, ಹುಡುಗಿಯ ಕಣ್ಣಲ್ಲಿ ನೀರು ಬರುವಷ್ಟು.

"ಭೇಷ್!" ಎಂದರು ಪಂತರು. "ಹೀಂಗಿರಬೇಕು ನೋಡ್ರಿ, ಆರ್ಯ ನಾಸಿಕ!"

ಹುಡುಗಿ ಮೂಗು ಉಜ್ಜಿಕೊಂಡಳು. "ಹೋದ ವರ್ಷ ಇದು ಆರ್ಯ ಇರಲಿಲ್ಲೇನ್ರಿ?"

"ಏನಂದಿ?"

"ಅಣ್ಣಿಗೇರಿ ನರಸಿಂಹ ಮಾಸ್ತರ ಮಗಳು ನಾನು. ಅಲ್ಲೆ ಎಲ್ಲಾರೂ ಚಂಪಾ ಅಂತಿದ್ರು, ಮಾಮಾ ತೊಟ್ಟಿಲ ಹೆಸರಿಲೆ ಕರೀತಾರ. ಆಗ ನೀವು ಚಾಪಿ ಮ್ಯಾಲೆ ಕೂತು ಇದ ಮೂಗು ಅಳದಿದ್ರಿ. ಆಗ ಕಲಬೆರಕಿ ಇದ್ದದ್ದು ಈಗ ಎಲ್ಲಿ ಹೋತು? ಒಂದು ವರ್ಷ ಬೆಳಗಾವಿ ನೀರು ಕುಡದ್ರ ರಕ್ತ ಸೋಸ್ತದೇನು?"

ಬೆತ್ತದ ಕುರ್ಚಿಯೊಂದು ಕಿರುಗುಟ್ಟಿತು. ವಕೀಲರು ಏನೋ ಹೇಳಲು ಬಾಯಿ ತೆರೆದು, ಸಾಕ್ಷಿಯೇ ವಾದ ಮಾಡುತ್ತಿರುವಾಗ ತಾವೇಕೆ ಎಂದು ಮುಚ್ಚಿಕೊಂಡರು.

"ನನಗ ಲಗ್ನ ಬ್ಯಾಡಂತ ಅಲ್ಲ," ಎಂದಳು ಗೋದಾವರಿ, ದನಿ ತಗ್ಗಿಸಿ. "ಆದ್ರ ನಮ್ಮಪ್ಪನ ಮನಿ ಮ್ಯಾಲೆ ಒಂದು ಮಾತು ಒಗದು ಬಂದೀರಿ. ಅಪ್ಪ ಅದನ್ನ ಹೊತ್ತುಕೊಂಡ ಹೋದ. ಅದನ್ನ ಅಲ್ಲೇ, ಅದೇ ಪಂಕ್ತಿಯೊಳಗ, ವಾಪಸ್ ತಗೊಂಡು ಬರ್ರಿ. ಆಮ್ಯಾಲೆ ಬೇಕಾದ್ರ ಮಾತಾಡೋಣು."

ಪಂತರು ನನ್ನನ್ನು ಪೆಟ್ಟಿಗೆಗೆ ಹಾಕುವ ನೆಪದಲ್ಲಿ ತಲೆ ಬಗ್ಗಿಸಿದರು. ಅಡ್ಡಾದಿಡ್ಡಿ ಇಟ್ಟಿದ್ದರಿಂದ ಮುಚ್ಚಳ ಕೂಡಲಿಲ್ಲ. ಆಗ ಪ್ರಾಣೇಶ ಬಾಯಿ ಬಿಟ್ಟ. ಅಷ್ಟೂ ಹೆಣ್ಣು ನೋಡಿದ ಮನೆಗಳಲ್ಲಿ ಅವನ ದನಿಯನ್ನು ಯಾರೂ ಕೇಳಿರಲಿಲ್ಲ.

"ಅಪ್ಪ ಹೋಗಿ ಬರೂತನಕ ನಾನೂ ಎಲ್ಲೂ ಹೆಣ್ಣು ನೋಡೂದಿಲ್ಲ."

ಹೇಳುವಾಗ ಅವನು ಹುಡುಗಿಯ ಮುಖ ನೋಡಿದ. ಆ ಮನೆತನದಲ್ಲಿ ಮೂಗಿನಿಂದ ಮೇಲೆ ನೋಡಿದ ಮೊದಲ ಗಂಡಸು ಅವನೇ.

ಪಂತರು ಹೋದರು. ತಿಂಗಳುಗಟ್ಟಲೆ ಮುನಿಸಿಕೊಂಡಿದ್ದು, ತುಂಗಕ್ಕನ ಬಾಯಿಗೆ ಸೋತು, ಮುಂದಿನ ಆರಾಧನೆಗೆ ಅಣ್ಣಿಗೇರಿಗೆ ಹೋಗಿ ಬಂದರು. ನನ್ನನ್ನು ಒಯ್ಯಲಿಲ್ಲ. ಮದುವೆ ನಿಶ್ಚಯವಾಯಿತು. ಅವರು ಅಲ್ಲಿ ಏನು ಹೇಳಿದರೆಂಬುದು ತಿಳಿದದ್ದು ಮದುವೆಯ ಊಟದ ಹೊತ್ತಿಗೆ. ಅಣ್ಣಿಗೇರಿಯ ಮುದುಕಿಯೊಬ್ಬಳು ಮದುಮಗಳ ಕೆನ್ನೆ ಸವರಿ, "ನಿಮ್ಮ ಮಾವ ಬಂದು ಹೇಳಿದ್ರವ್ವಾ, ಮಶೀನು ಕೆಟ್ಟಿತ್ತಂತ. ನಾವು ಸುಳ್ಳ ನಿಮ್ಮಪ್ಪನ್ನ ದೂರ ಮಾಡಿದ್ವಿ," ಎಂದಳಂತೆ.

ಮಶೀನು ಕೆಟ್ಟಿತ್ತು! ಅವಮಾನವನ್ನು ನಾನು ಬಹಳ ನುಂಗಿದ್ದೇನೆ, ಇದೊಂದು ಇನ್ನೂ ಗಂಟಲಲ್ಲೇ ಇದೆ.

ಗೋದಾವರಿ ಮೂಗು ಮುರಿಯಲಿಲ್ಲ, ಜಗಳ ತೆಗೆಯಲಿಲ್ಲ. ಆ ರಾತ್ರಿಯಲ್ಲ, ಮರುದಿನ, ಗಂಡನಿಗೆ ಹೇಳಿದಳು: "ಮಶೀನು ಕೆಟ್ಟಿತ್ತು ಅಂದ್ರ ಏನಾತು? ನಮ್ಮನೀ ಒಂದನ್ನ ತಪ್ಪು ಅಳದ್ರು, ಉಳದವರ್ದೆಲ್ಲಾ ಬರೋಬರಿ ಅದ ಅಂತಾತು. ಇರ್ಲಿ. ಆ ಇಕ್ಕಳ ನನಗ ಕೊಡಸ್ರಿ." ಸೊಸೆ ಕೇಳಿದ ಮೊದಲ ವಸ್ತು, ಪಂತರು ಇಲ್ಲ ಎನ್ನಲಾರದೆ ಕೊಟ್ಟರು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಅವಳು ಅರಿಸಿನ ಕುಂಕುಮ ಇಟ್ಟಳು. ನನ್ನನ್ನು ಮೊಳೆಗೆ ತೂಗುಹಾಕಿದಳು.

ಕೆಲವು ದಿನ ಶೇಂಗಾ ಉಂಡೆಗಳೆಲ್ಲ ಒಂದೇ ಗಾತ್ರ ಇವೆಯೋ ಎಂದು ನೋಡಲು ಉಪಯೋಗವಾದೆ. ಬೆಲ್ಲದ ಅಂಟು ಒಂದು ಬಗೆಯ ವೈರಾಗ್ಯ ಕಲಿಸುತ್ತದೆ.

ಆಮೇಲೆ ಪ್ರಾಣೇಶ ಸ್ವಂತ ಕನ್ನಡಕದ ಅಂಗಡಿ, ಊರವರ ಮಾತಿನಲ್ಲಿ ಚಾಳೀಸಿನ ಅಂಗಡಿ, ಇಟ್ಟ. ಅವನು ಒಳಗೆ ಗಾಜು ತಿಕ್ಕುವವನು, ಗೋದಾವರಿ ಹೊರಗೆ ಗಿರಾಕಿಗಳ ಮುಖದ ಅಳತೆ ತೆಗೆಯುವವಳು. ನನ್ನ ಬಾಳಿನ ಒಳ್ಳೆಯ ಕಾಲ ಅದು. ಎಂತೆಂಥ ಮೂಗುಗಳು ಬಂದವು! ಹತ್ತಿಯ ದಲಾಲರ ಗುಂಡು ಮೂಗು, ಸಂಗೀತದ ಬುವಾ ಒಬ್ಬರ ಗಿಣಿ ಮೂಗು, ಮಿಶನ್ ಶಾಲೆಯ ಟೀಚರ ಚಪ್ಪಟೆ ಮೂಗು. ಒಂದೇ ತಾಯಿಯ ಇಬ್ಬರು ಮಕ್ಕಳಿಗೆ ಎರಡು ಅಳತೆ. ಊರಿನ ಈ ತುದಿಯ ದೇಸಾಯರಿಗೂ ಆ ತುದಿಯ, ಚರ್ಮ ಹದಮಾಡುವ ಡೋರ ಓಣಿಯವನಿಗೂ ಒಂದೇ ಚೌಕಟ್ಟು. ಗೋದಾವರಿ ಅಳೆಯುವಾಗ ಹೆಬ್ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದಳು. ಕೆಲಸ ಕಲಿಯಲು ಬಂದವರಿಗೆಲ್ಲ ಅವಳದು ಒಂದೇ ಪಾಠ: "ಒತ್ತಿ ಅಳದ ಮೂಗಿನ ಮ್ಯಾಲೆ ಚಾಳೀಸು ನಿಲ್ಲೂದಿಲ್ಲ."

ತುಂಗಕ್ಕ ಹೋದರು. ಪಂತರಿಗೆ ಕಣ್ಣಿನ ಪೊರೆ ಬಂತು, ತೆಗೆಸಿದರು. ದಪ್ಪ ಗಾಜಿನ ಕನ್ನಡಕ ಬೇಕಾಯಿತು. ಯಾವುದನ್ನು ಹಾಕಿದರೂ ಜಾರಿ ತುಟಿಯ ಮೇಲೆ ಕೂಡುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಕೋಲೂರಿಕೊಂಡು ಅಂಗಡಿಗೇ ಬಂದರು. ಗೋದಾವರಿ ಸ್ಟೂಲು ಹಾಕಿ ಕೂರಿಸಿ ಮೊಳೆಯಿಂದ ನನ್ನನ್ನು ಇಳಿಸಿದಳು. ಹಳಿಯಾಳದ ಆ ಸಂಜೆಯ ನಂತರ ನಾನು ಆ ಮೂಗನ್ನು ಮುಟ್ಟಿರಲಿಲ್ಲ. ವಯಸ್ಸಿಗೆ ಚರ್ಮ ಜೋತಿತ್ತು.

ಎರಡು ಕಣ್ಣುಗಳ ನಡುವಿನ ಅಳತೆ ತೆಗೆದಳು. ಮೂಗಿನ ಏಣಿನದು ತೆಗೆದಳು. ಮುಗಿಯಿತೆಂದು ನನ್ನನ್ನು ಕೆಳಗಿಡುವಾಗ ಪಂತರು ಅವಳ ಮಣಿಕಟ್ಟು ಹಿಡಿದರು.

"ಕೆಳಗಿಂದೂ ತಗೀ."

"ಚಾಳೀಸಿಗೆ ಅದು ಬೇಕಾಗೂದಿಲ್ಲ, ಮಾವನವರ."

"ಚಾಳೀಸಿಗಲ್ಲ. ನನಗ." ಮಣಿಕಟ್ಟು ಬಿಟ್ಟರು. "ಒತ್ತಬ್ಯಾಡ."

ಗೋದಾವರಿ ಹೊಳ್ಳೆಗಳ ಎರಡು ಬದಿಗೆ ನನ್ನನ್ನು ತಾಗಿಸಿ ಹೆಬ್ಬೆರಳು ಎತ್ತಿದಳು. ನಾನು ನನ್ನ ಅಂಕಿ ಹೇಳಿದೆ. ಅವಳು ಓದಿದಳು. ಅಣ್ಣಿಗೇರಿಯ ಚಾಪೆಯ ಮೇಲೆ ಅವಳದು ಎಷ್ಟು ಬಂದಿತ್ತೋ ಅದನ್ನು ಪಂತರದು ದಾಟಿಹೋಗಿತ್ತು. ಆ ಹಳೆಯ ಅಂಕಿ ಅವಳಿಗೆ ಬಾಯಿಪಾಠ. ಅಪ್ಪನ ಮನೆಯಲ್ಲಿ ಒಂದು ಚಳಿಗಾಲವಿಡೀ ಆ ಅಂಕಿಯೇ ಉಸಿರಾಡಿತ್ತು. ಈಗ ಅವಳು ಅದನ್ನು ಹೇಳಬಹುದಿತ್ತು. ಇಷ್ಟು ವರ್ಷ ಮೊಳೆಯ ಮೇಲೆ ನನ್ನನ್ನು ಕಾದಿಟ್ಟದ್ದು ಇದಕ್ಕೇ ಇರಬೇಕು ಎಂದುಕೊಂಡೆ.

"ಎಷ್ಟವ್ವಾ?" ಎಂದರು ಪಂತರು. ದನಿ ಸಣ್ಣದಾಗಿತ್ತು. ಬಿಗಿಹಿಡಿದ ಉಸಿರು ನನಗೆ ಗೊತ್ತು. ಆ ಕಡೆ ಕೂತವರದು ಹೇಗಿರುತ್ತದೆಂದು ಆ ದಿನ ಅವರಿಗೂ ಗೊತ್ತಾಯಿತು.

ಅವಳು ನನ್ನ ತೋಳನ್ನು ಜಾರಿಸಿ ಮುಚ್ಚಿದಳು. "ಉಸಿರಾಡ್ಲಿಕ್ಕೆ ಸಾಕಾಗೂವಷ್ಟು ಅದರೀ, ಮಾವನವರ."

ಪಂತರು ಅವಳನ್ನೇ ನೋಡಿದರು, ಗಾಜಿಲ್ಲದ ಕಣ್ಣಿಂದ ಎಷ್ಟು ಕಾಣುತ್ತದೋ ಅಷ್ಟು. ಆಮೇಲೆ ಹೊಟ್ಟೆ ಕುಣಿಸಿ ನಗತೊಡಗಿದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

"ಹಳಿಯಾಳದಾಗ ಒಬ್ಬಾಂವ ಹಿಂಗ ಅಂದಿದ್ದ. ಬಿದರಿನ ಹೊರಿಯಾಂವ. ನಾನು ಸಾಹೇಬಗ ಸುಳ್ಳು ಹೇಳಿದ್ದೆ." ಕೋಲನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದರು. "ಮಶೀನು ಕೆಟ್ಟಿರಲಿಲ್ಲವ್ವಾ."

"ಗೊತ್ತದರೀ."

"ಅಣ್ಣಿಗೇರಿ ಆರಾಧನಿ ಯಾವಾಗ?"

ಈ ಸಲ ನಾನೂ ಹೋದೆ, ಗೋದಾವರಿಯ ಚೀಲದಲ್ಲಿ. ಹೊಸ ಕನ್ನಡಕ ಮೂಗಿನ ಮೇಲೆ ಭದ್ರವಾಗಿ ಕೂತಿತ್ತು. ಎಲೆ ಹಾಕಿ ಅನ್ನ ಬಡಿಸಿದ ಮೇಲೆ ಪಂತರು ಗೋದಾವರಿಯ ತಮ್ಮನ ಪಕ್ಕದಲ್ಲಿ, ಅವನ ತೋಳು ಹಿಡಿದು ಎದ್ದು ನಿಂತರು. ಗೋದಾವರಿಯಿಂದ ಮೊದಲೇ ಇಸಿದುಕೊಂಡಿದ್ದ ನನ್ನನ್ನು ಎತ್ತಿ ತೋರಿಸಿದರು. "ಮಶೀನು ಕೆಟ್ಟಿತ್ತು ಅಂತ ನಾ ಹೇಳಿದ್ದೆ. ಸುಳ್ಳು. ಇದು ಬರೋಬರಿ ಇತ್ತು. ಕೆಟ್ಟಿದ್ದು ಈ ಹೆಬ್ಬಟ್ಟು. ಜನಾಂಗ ಗಿನಾಂಗ ಎಲ್ಲಾ ಇದರಾಗ ಇತ್ತು, ಮಾಸ್ತರ ರಕ್ತದಾಗ ಇರಲಿಲ್ಲ. ಸಂಶಯ ಇದ್ದವರು ನನ್ನ ಮೂಗು ಅಳೀರಿ. ಒತ್ತಬ್ಯಾಡ್ರಿ."

ದೊಡ್ಡ ಪಶ್ಚಾತ್ತಾಪಗಳಿಗೆ ಏನು ಉತ್ತರ ಕೊಡಬೇಕೆಂದು ಊಟಕ್ಕೆ ಕೂತವರಿಗೆ ತಿಳಿಯುವುದಿಲ್ಲ. ಕೊನೆಗೆ ತುದಿಯಲ್ಲಿದ್ದ ಹಿರಿಯರೊಬ್ಬರು ಅಂದರು: "ಉಣ್ಣೂ ಹೊತ್ತಿನಾಗ ಮೂಗ್ಯಾಕ ತಗೀತೀರಿ ಪಂತರ? ಕೂಡ್ರಿ, ಸಾರು ಆರ್ತದ."

ಪಂತರು ಕೂತರು. ಗೋದಾವರಿಯ ತಮ್ಮನ ಇನ್ನೊಂದು ಬದಿಯ ಎಲೆ ಖಾಲಿ ಇತ್ತು. ಆ ಹಿರಿಯರೇ ತಮ್ಮ ಎಲೆಯನ್ನು ಬಿಟ್ಟು, ಲೋಟ ಹಿಡಿದುಕೊಂಡು ಬಂದು ಅಲ್ಲಿ ಕೂತರು. ಆಚೆ ಹೆಂಗಸರ ಸಾಲಿನಲ್ಲಿ ಗೋದಾವರಿ ಚೀಲವನ್ನು ಮಡಿಲಿಗೆ ಎಳೆದುಕೊಂಡು ಸೆರಗಿನಿಂದ ಮುಖ ಒರೆಸಿಕೊಂಡಳು.

ಈಗ ಅವರಾರೂ ಇಲ್ಲ. ಅಂಗಡಿ ಮೊಮ್ಮಗನದು, ಅಳತೆಗೆ ಹಸಿರು ದೀಪದ ಯಂತ್ರ ಬಂದಿದೆ. ನಾನು ಗಾಜಿನ ಕಪಾಟಿನ ಕೆಳಗಿನ ಸಾಲಿನಲ್ಲಿ, ಮುರಿದ ಚೌಕಟ್ಟುಗಳ ಜೊತೆ ಮಲಗಿರುತ್ತೇನೆ. ಗೆರೆಗಳು ಸವೆದಿವೆ. ಮೊನ್ನೆ ನರ್ಸಿಂಗ್ ಓದುವ ಹುಡುಗಿ ಒಬ್ಬಳು ಬಂದಳು, ಹಳಿಯಾಳದವಳು, ಜುಲಿಯಾನಾ ಸಿದ್ದಿ. ಎಲ್ಲಿಂದಲೋ ಬರುವ ಸಿದ್ಧ ಚೌಕಟ್ಟುಗಳು ಯಾರದೋ ಒಂದು ಮೂಗನ್ನು ನೆನೆದು ಮಾಡಿದವು. ಅವಳ ಮೂಗಿನ ಮೇಲೆ ಒಂದೂ ನಿಲ್ಲಲಿಲ್ಲ. "ನನ್ನ ಮೂಗ ಸರಿ ಇಲ್ಲ, ಅಣ್ಣಾ," ಎಂದು ನಕ್ಕಳು. "ಮೂಗು ಬರೋಬರಿ ಅದವ್ವಾ, ಫ್ರೇಮ್ ಸುಮಾರು ಅದ," ಎಂದು ಮೊಮ್ಮಗ ಬಗ್ಗಿ ನನ್ನನ್ನು ತೆಗೆದ.

ಅವಳು ಇನಾಸನ ಮರಿಮಗಳೋ ಏನೋ. ಮೂಗು ಮುಟ್ಟಿ ಅದನ್ನು ಹೇಳುವ ವಿದ್ಯೆ ನನಗಿಲ್ಲ. ಇದೆ ಎಂದವರೆಲ್ಲ ನನ್ನ ಹೆಸರು ಹೇಳಿಕೊಂಡು ತಮ್ಮ ಮಾತು ಹೇಳಿದವರು. ನನಗೆ ತಿಳಿದದ್ದು ಇಷ್ಟು: ನನ್ನ ತೋಳುಗಳ ನಡುವೆ ಅವಳು ಉಸಿರು ಬಿಗಿಹಿಡಿಯಲಿಲ್ಲ. ಬೆಚ್ಚಗೆ, ಸರಾಗವಾಗಿ ಬಂದುಹೋಗುತ್ತಿತ್ತು. ಮೊಮ್ಮಗ ಅಜ್ಜಿಯ ಹಾಗೆಯೇ ಹೆಬ್ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದ.